ಜಾರುವ ಹಿಡಿಗೆ ಚುಕ್ಕಿ ಸುಡುವ ಮೊದಲು

ಪ್ರಶ್ನೆ: ನಾನು ಉಡುಪಿಯ ಕಾಪು ಹತ್ತಿರದವನು. ಕಳೆದ ವರ್ಷ 4.5 ಮಿಲಿಮೀಟರಿನ ಏರ್ ಪಿಸ್ತೂಲು ತಗೊಂಡೆ. ಗ್ಯಾಸ್ ಕಾರ್ಟ್ರಿಜ್ ಹಾಕುವ ಬಗೆಯದು, ಮೈಯೆಲ್ಲ ಪಾಲಿಮರ್, ಅಂದರೆ ಗಟ್ಟಿ ಪ್ಲಾಸ್ಟಿಕ್. ಮನೆಯ ಹಿತ್ತಲಲ್ಲಿ ಕಾಗದದ ಗುರಿ ಇಟ್ಟು ಹೊಡೆಯುತ್ತೇನೆ. ನಮ್ಮ ಸೆಕೆಗೆ ಹತ್ತು ಗುಂಡು ಹೊಡೆಯುವಷ್ಟರಲ್ಲಿ ಕೈ ಬೆವತು ಹಿಡಿ ಜಾರುತ್ತದೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್‌ನಿಂದ ಚುಕ್ಕಿ ಚುಕ್ಕಿ ಸುಟ್ಟು ಹಿಡಿಯನ್ನು ಒರಟು ಮಾಡುವ ವಿಡಿಯೋ ನೋಡಿದೆ. ಮನೆಯಲ್ಲೇ ಮಾಡಬಹುದಾ? ಎಲ್ಲಿ, ಎಷ್ಟು ಆಳ? ನನ್ನ ಭಾವನ ಹತ್ತಿರ ಲೈಸೆನ್ಸ್ ಇರುವ ಪಾಯಿಂಟ್ 32 ಪಿಸ್ತೂಲು ಇದೆ. ನನ್ನದು ಚೆನ್ನಾಗಿ ಬಂದರೆ ಅದಕ್ಕೂ ಮಾಡಿಕೊಡು ಅಂತಿದ್ದಾರೆ.

ಉತ್ತರ: ನಿಮ್ಮ ಏರ್ ಪಿಸ್ತೂಲಿಗೆ ಮಾಡಬಹುದು. ಆದರೆ ಐರನ್ ಹಿಡಿಯುವುದು ಎಲ್ಲ ಮುಗಿದ ಮೇಲೆ. ಅದಕ್ಕೂ ಮೊದಲು ನಾಲ್ಕೈದು ಕೆಲಸ ಇದೆ, ಹೆಚ್ಚಿನವರಿಗೆ ಅಷ್ಟರಲ್ಲೇ ಜಾರುವುದು ನಿಲ್ಲುತ್ತದೆ. ಭಾವನ ಪಿಸ್ತೂಲಿನ ಕತೆ ಬೇರೆ. ಅದನ್ನು ಕಡೆಗೆ ಹೇಳುತ್ತೇನೆ.

ನನ್ನದೇ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ. ಸುಮಾರು ವರ್ಷಗಳ ಹಿಂದೆ, ಒಂದು ಜುಲೈ ಭಾನುವಾರ. ಹೊರಗೆ ಧೋ ಅಂತ ಮಳೆ. ಟೀವಿ ರಿಪೇರಿ ಮಾಡುವ ಗೆಳೆಯನಿಂದ 25 ವ್ಯಾಟಿನ ಐರನ್ ತಂದಿದ್ದೆ. ಪಿಸ್ತೂಲಿನ ಹಿಡಿಯ ಎರಡೂ ಪಕ್ಕಕ್ಕೆ ಚುಕ್ಕಿ ಹೊಡೆಯುತ್ತಾ ಕೂತೆ. ಮೊದಲ ಎರಡು ಸಾಲು ನೋಡಿ ನನಗೇ ಖುಷಿಯಾಯಿತು. ಮೂರನೇ ಸಾಲಿಗೆ ಬರುವಾಗ ಐರನ್ ಇನ್ನಷ್ಟು ಕಾದಿತ್ತು, ನನಗೆ ಗೊತ್ತಾಗಲಿಲ್ಲ. ಒಂದು ಚುಕ್ಕಿ ಬೆಣ್ಣೆಗೆ ಕಡ್ಡಿ ಚುಚ್ಚಿದ ಹಾಗೆ ಒಳಗೇ ಹೋಯಿತು. ಆಚೆ ಬದಿಯ ಬೆಳಕು ಕಂಡಿತು! ಅದಕ್ಕಿಂತ ಬೇಜಾರಿನ ವಿಷಯ ಮರುದಿನ ತಿಳಿಯಿತು. ಅಷ್ಟು ಸುಟ್ಟ ಮೇಲೂ ಹಿಡಿ ಮೊದಲಿನ ಹಾಗೇ ಜಾರುತ್ತಿತ್ತು. ಯಾಕೆಂದರೆ ನಾನು ಚುಕ್ಕಿ ಹಾಕಿದ್ದು ಕಣ್ಣಿಗೆ ಚೆಂದ ಕಾಣುವ ಜಾಗಕ್ಕೆ. ಕೈ ಒತ್ತುವ ಜಾಗ ಬೇರೆಯೇ ಇತ್ತು.

ಹಾಗಾಗಿ ಮೊದಲು ಕೈ ಎಲ್ಲಿ ಒತ್ತುತ್ತದೆ ಅಂತ ನೋಡಿಕೊಳ್ಳಿ. ಇದಕ್ಕೆ ಮುಖಕ್ಕೆ ಹಚ್ಚುವ ಪೌಡರ್ ಸಾಕು. ಕಾರ್ಟ್ರಿಜ್ ತೆಗೆದು, ಗುಂಡು ತೆಗೆದು, ಖಾಲಿ ಇದೆ ಅಂತ ಎರಡು ಸಲ ನೋಡಿ. ಹಿಡಿಯನ್ನು ಚೆನ್ನಾಗಿ ಒರೆಸಿ. ಅಂಗೈಗೆ ತೆಳುವಾಗಿ ಪೌಡರ್ ಸವರಿ, ನೀವು ಗುರಿ ಇಡುವಾಗ ಹೇಗೆ ಹಿಡಿಯುತ್ತೀರೋ ಹಾಗೇ ಹಿಡಿದು, ಒಂದು ನಿಮಿಷ ಕೈ ಚಾಚಿ ನಿಲ್ಲಿ. ಆಮೇಲೆ ಮೆಲ್ಲ ಬಿಡಿ. ಕಪ್ಪು ಹಿಡಿಯ ಮೇಲೆ ಬಿಳಿ ಅಚ್ಚು ಬಿದ್ದಿರುತ್ತದೆ. ಎಲ್ಲಿ ದಟ್ಟ ಬಿಳಿ ಇದೆಯೋ ಅಲ್ಲಿ ಕೈ ಒತ್ತಿದೆ. ಎಲ್ಲಿ ಕಪ್ಪು ಹಾಗೇ ಉಳಿದಿದೆಯೋ ಅಲ್ಲಿ ಕೈ ಮುಟ್ಟಿಯೇ ಇಲ್ಲ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಟೇಪ್ ಕತ್ತರಿಸುವಾಗ ಅದೇ ನಿಮ್ಮ ನಕ್ಷೆ.

ಸಾಮಾನ್ಯವಾಗಿ ಎರಡು ಕಡೆ ದಟ್ಟ ಬಿಳಿ ಸಿಗುತ್ತದೆ. ಒಂದು ಹಿಡಿಯ ಮುಂಭಾಗ, ಟ್ರಿಗರ್ ಗಾರ್ಡಿನ (ಟ್ರಿಗರಿನ ಸುತ್ತ ಇರುವ ಬಳೆ) ಕೆಳಗೆ ನಡುಬೆರಳು ಮತ್ತು ಉಂಗುರ ಬೆರಳು ಮಡಚಿ ಕೂರುವಲ್ಲಿ. ಇನ್ನೊಂದು ಹಿಂಭಾಗ, ಅಂಗೈಯ ಬುಡ ಒತ್ತುವಲ್ಲಿ. ಪಿಸ್ತೂಲನ್ನು ಹಿಡಿದಿಡುವ ಬಲ ಈ ಮುಂದೆ ಹಿಂದೆ ಒತ್ತುವ ಬಲ. ಪಕ್ಕದಿಂದ ಹಿಂಡಿದರೆ ಗುರಿ ಎಡಕ್ಕೋ ಬಲಕ್ಕೋ ಓಡುತ್ತದೆ. ಬೆರಳ ತುದಿ, ಹೆಬ್ಬೆರಳು ಸುಮ್ನೆ ತಾಗಿಕೊಂಡಿರಬೇಕು ಅಷ್ಟೆ. ಅಂದ ಮೇಲೆ ಒರಟು ಬೇಕಾದ್ದು ಮುಂದೆ ಮತ್ತು ಹಿಂದೆ. ಪಕ್ಕಕ್ಕೆ ಸ್ವಲ್ಪ ಇದ್ದರೆ ಸಾಕು.

ಒರಟು ಇರಲೇಬಾರದ ಜಾಗ ಎರಡಿವೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಕೂರುವ ಮೇಲಿನ ಬಾಗು ಒಂದು. ಅಲ್ಲಿನ ಚರ್ಮ ತೆಳು. ಮೇಲಿನ ಭಾಗ ಹಿಂದಕ್ಕೆ ಒದೆಯುವ ಪಿಸ್ತೂಲಾದರೆ ಪ್ರತಿ ಹೊಡೆತಕ್ಕೂ ಅಲ್ಲಿ ಉಜ್ಜುತ್ತದೆ, ಐವತ್ತು ಹೊಡೆತಕ್ಕೆ ಚರ್ಮ ಕಿತ್ತು ಬರುತ್ತದೆ. ಇನ್ನೊಂದು, ಟ್ರಿಗರಿನ ಬೆರಳು ಹಿಡಿಯ ಪಕ್ಕದಿಂದ ಹಾದುಹೋಗುವ ಜಾಗ. ಆ ಬೆರಳು ಎಲ್ಲಿಗೂ ತಾಗದೆ ನೇರ ಹಿಂದಕ್ಕೆ ಸರಿಯಬೇಕು. ಅಲ್ಲಿ ಒರಟಿದ್ದರೆ ಬೆರಳು ತಡೆದು ತಡೆದು ಚಲಿಸುತ್ತದೆ, ಗುಂಡು ಎಲ್ಲೆಲ್ಲೋ ಹೋಗುತ್ತದೆ. ವಿಡಿಯೋಗಳಲ್ಲಿ ಈ ಜಾಗಕ್ಕೂ ಚುಕ್ಕಿ ಹಾಕುವುದನ್ನು ನೋಡಿದ್ದೇನೆ. ಫೋಟೋಕ್ಕೆ ಚೆನ್ನಾಗಿರುತ್ತದೆ, ಬಿಡಿ.

ಪೌಡರಿನ ಅಚ್ಚಿನಲ್ಲಿ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಅಂಗೈಯ ನಡುವಿನ ಗುಳಿ ಹಿಡಿಗೆ ಮುಟ್ಟದೆ ದೊಡ್ಡ ಖಾಲಿ ಉಳಿದಿದ್ದರೆ ನಿಮ್ಮ ಸಮಸ್ಯೆ ನುಣುಪು ಅಲ್ಲ, ಗಾತ್ರ. ಹಿಡಿ ನಿಮ್ಮ ಕೈಗೆ ಸಪೂರ ಆಗಿದೆ. ಸಪೂರ ಹಿಡಿಯನ್ನು ಎಷ್ಟು ಒರಟು ಮಾಡಿದರೂ ಅದು ಕೈಯೊಳಗೆ ತಿರುಗುತ್ತದೆ. ಅದಕ್ಕೆ ಮದ್ದು ದಪ್ಪ ಮಾಡುವುದು. 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ಪಿಸ್ತೂಲ್ ಸ್ಪರ್ಧೆಯವರು ಬಳಸುವ ಪಿಸ್ತೂಲುಗಳನ್ನು ನೋಡಿ. ಅಂಗೈಯ ಗುಳಿ ತುಂಬುವ ಹಾಗೆ ಕೆತ್ತಿದ ಮರದ ಹಿಡಿ. ಅದಕ್ಕೂ ಸಾಲದೆ ಪುಟ್ಟಿ ಮೆತ್ತಿ, ಉಜ್ಜಿ, ಮತ್ತೆ ಮೆತ್ತಿ ತಿಂಗಳುಗಟ್ಟಲೆ ತಿದ್ದುತ್ತಾರೆ. ಒರಟು ಮಾಡುವುದು ಆಕಾರ ಸರಿಯಾದ ಮೇಲಿನ ಕೆಲಸ.

ಇನ್ನು ಬೆವರು. ನಮ್ಮ ಕರಾವಳಿಯಲ್ಲಿ ಬೆವರು ಬಂದರೆ ಆರುವುದಿಲ್ಲ, ಅದೇ ತೊಂದರೆ. ಬೆಂಗಳೂರಿನಲ್ಲಿ ಅಭ್ಯಾಸ ಮಾಡುವವರು ಇದೇ ಪಿಸ್ತೂಲು ಹಿಡಿದು ಎಂತದೂ ಜಾರುವುದಿಲ್ಲವಲ್ಲ ಅಂತಾರೆ. ಅವರ ಗಾಳಿ ಒಣಗಾಳಿ. ಆದರೆ ಬೆವರಿಗಿಂತ ಜಾಸ್ತಿ ಜಾರಿಸುವುದು ಎಣ್ಣೆ. ಬೆಳಗ್ಗೆ ತಲೆಗೆ ತೆಂಗಿನೆಣ್ಣೆ ಹಚ್ಚಿ, ಕೈ ಒರೆಸಿಕೊಂಡು ಪಿಸ್ತೂಲು ಹಿಡಿದರೆ ಮುಗಿಯಿತು. ಹೊಸ ಪಾಲಿಮರ್ ಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯಂಥ ಪದರ ಉಳಿದಿರುವುದೂ ಉಂಟು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಹಿಡಿಯನ್ನು ಮಾತ್ರ ಉಜ್ಜಿ. ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಹತ್ತಿಯಿಂದ ಒರೆಸಿ. ಕೊರೊನಾ ಕಾಲದ ಸ್ಯಾನಿಟೈಸರ್ ಬಾಟಲಿ ಉಳಿದಿದೆ ಅಂತ ಅದನ್ನು ಹಾಕಬೇಡಿ. ಕೈ ಒಡೆಯದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಸೇರಿಸಿರುತ್ತಾರೆ, ಅದು ಇನ್ನೂ ಜಾರು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಖಂಡಿತ ಬೇಡ. ನಿಮ್ಮ ಪಿಸ್ತೂಲಿನ ಪ್ಲಾಸ್ಟಿಕ್ ಎ.ಬಿ.ಎಸ್. ಅನ್ನುವ ಜಾತಿಯದ್ದಾಗಿದ್ದರೆ ಅಸಿಟೋನ್ ಅದನ್ನು ಕರಗಿಸಿಯೇ ಬಿಡುತ್ತದೆ.

ಕೈಗೆ? ಒಂದು ಹತ್ತಿಯ ಬೈರಾಸ್ (ಟವೆಲ್) ಹೆಗಲ ಮೇಲಿರಲಿ. ಐದು ಹೊಡೆತಕ್ಕೊಮ್ಮೆ ಪಿಸ್ತೂಲು ಕೆಳಗಿಟ್ಟು ಕೈ ಒರೆಸಿ. ಜಿಮ್‌ನವರು, ಬಂಡೆ ಹತ್ತುವವರು ಬಳಸುವ ಮೆಗ್ನೀಸಿಯಮ್ ಕಾರ್ಬೊನೇಟ್ ಹುಡಿ ಸಿಗುತ್ತದೆ, ಅದನ್ನೂ ಚೂರು ಹಚ್ಚಬಹುದು. ಆದರೆ ಹುಡಿ ಟ್ರಿಗರಿನ ಸಂದಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಇಷ್ಟು ಮಾಡಿಯೂ ಜಾರಿದರೆ ಸೈಕಲ್ ಟ್ಯೂಬ್. ಹೌದು, ಹಳೆಯ ಸೈಕಲ್ ಟ್ಯೂಬ್. ನಗಬೇಡಿ. ಹಿಡಿಯ ಸುತ್ತಳತೆಗಿಂತ ಸ್ವಲ್ಪ ಚಿಕ್ಕದಾದ ಟ್ಯೂಬಿನಿಂದ ನಾಲ್ಕು ಬೆರಳು ಅಗಲದ ತುಂಡು ಕತ್ತರಿಸಿ. ಒಳಗಿನ ಪೌಡರ್ ತೊಳೆದು, ಆಲ್ಕೊಹಾಲ್ ಹಚ್ಚಿ ಒದ್ದೆ ಇರುವಾಗಲೇ ಹಿಡಿಯ ಕೆಳಗಿನಿಂದ ಎಳೆದು ಏರಿಸಿ. ಆಲ್ಕೊಹಾಲ್ ಆರಿದ ಮೇಲೆ ಟ್ಯೂಬ್ ಕಚ್ಚಿ ಕೂರುತ್ತದೆ. ಮ್ಯಾಗಜೀನನ್ನು (ಗುಂಡು ತುಂಬಿಸಿ ಹಿಡಿಯೊಳಗೆ ತೂರಿಸುವ ಡಬ್ಬಿ) ಹೊರಗೆ ಬೀಳಿಸುವ ಗುಂಡಿ ಇದ್ದರೆ ಅಲ್ಲಿಗೆ ಕಿಟಕಿ ಕತ್ತರಿಸಿ. ಎರಡು ಲಾಭ. ಜಾರುವುದು ನಿಲ್ಲುತ್ತದೆ, ಹಿಡಿ ಸ್ವಲ್ಪ ದಪ್ಪವೂ ಆಗುತ್ತದೆ. ನೋಡಲು ಚೆಂದ ಇಲ್ಲ, ಒಪ್ಪುತ್ತೇನೆ. ಕೈಯಲ್ಲಿ ಹಿಡಿದ ಮೇಲೆ ಕಾಣುವುದಿಲ್ಲ ಅಲ್ವಾ?

ಅದಾದ ಮೇಲೆ ಟೇಪ್. ಎರಡು ಬಗೆ ಇದೆ. ರಬ್ಬರ್ ಮೈಯ ಟೇಪ್ ಒಂದು, ಹರಳು ಅಂಟಿಸಿದ ಟೇಪ್ ಇನ್ನೊಂದು. ಎರಡನೆಯದು ಮೆಟ್ಟಿಲಿಗೆ ಅಂಟಿಸುವ, ಸ್ಕೇಟ್‌ಬೋರ್ಡಿಗೆ ಹಾಕುವ ಕಪ್ಪು ಟೇಪ್. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಅದರ ಮೇಲಿನ ಹರಳು ಸಿಲಿಕಾನ್ ಕಾರ್ಬೈಡ್ ಅಥವಾ ಅಲ್ಯೂಮಿನಿಯಮ್ ಆಕ್ಸೈಡ್, ಎಮರಿ ಪೇಪರಿನಲ್ಲಿ ಇರುವುದೇ. ಮೆಟ್ಟಿಲಿನ ಟೇಪ್ ಕಾಲಿಗೆ ಮಾಡಿದ್ದು, ಕೈಗೆ ತೀರಾ ಚುಚ್ಚುತ್ತದೆ. ಅಂಟಿಸಿದ ಮೇಲೆ ಒಂದು ತುಂಡು ಎಮರಿ ಪೇಪರನ್ನು ಅದರ ಮೇಲೆ ನಾಲ್ಕು ಸಲ ಎಳೆದರೆ ಮುಳ್ಳು ಮುರಿದು ಹದಕ್ಕೆ ಬರುತ್ತದೆ.

ಟೇಪ್ ಏಳುವುದು ಮೂಲೆಯಿಂದ. ಅದಕ್ಕೇ ಚೂಪು ಮೂಲೆ ಬಿಡಬೇಡಿ, ದುಂಡಗೆ ಕತ್ತರಿಸಿ. ಮೊದಲು ಕಾಗದದಲ್ಲಿ ಅಳತೆ ತೆಗೆಯಿರಿ, ಪೌಡರಿನ ಫೋಟೋ ನೋಡಿಕೊಂಡು. ಒಂದೇ ದೊಡ್ಡ ತುಂಡನ್ನು ಸುತ್ತ ಸುತ್ತುವುದಕ್ಕಿಂತ ಮುಂದಕ್ಕೊಂದು, ಹಿಂದಕ್ಕೊಂದು ಸಣ್ಣ ಪಟ್ಟಿ ಒಳ್ಳೆಯದು. ಅಂಟಿಸುವಾಗ ಕೂದಲು ಒಣಗಿಸುವ ಡ್ರೈಯರಿನಿಂದ ಟೇಪನ್ನು ಬೆಚ್ಚಗೆ ಮಾಡಿ ಒತ್ತಿ. ಒಂದು ರಾತ್ರಿ ಮುಟ್ಟಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಯಾವ ಟೇಪೂ ಜಾಸ್ತಿ ದಿನ ಬಾಳುವುದಿಲ್ಲ. ಎದ್ದರೆ ಕಿತ್ತು ಹೊಸದು ಹಾಕಿ. ಎರಡು ಪಟ್ಟಿಗೆ ಬೇಕಾಗುವ ಟೇಪಿನ ಖರ್ಚು ಒಂದು ಪ್ಲೇಟ್ ಗೋಳಿಬಜೆ, ಒಂದು ಚಾದಷ್ಟೇ.

ಎಪಾಕ್ಸಿ ಅನ್ನುವ ಗಟ್ಟಿ ಅಂಟಿಗೆ ಹರಳು ಚಿಮುಕಿಸುವ ಉಪಾಯವೂ ಇದೆ. ದೋಣಿಯ ಡೆಕ್ ಜಾರದ ಹಾಗೆ ಪೇಂಟಿಗೆ ಹೊಯ್ಗೆ ಬೆರೆಸುತ್ತಾರಲ್ಲ, ಅದೇ. ಹಿಡಿಯನ್ನು ಎಮರಿ ಪೇಪರಿನಿಂದ ಮಂಕು ಮಾಡಿ, ಎಲ್ಲೆಗೆ ಮಾಸ್ಕಿಂಗ್ ಟೇಪ್ ಹಾಕಿ, ಅರಾಲ್ಡೈಟಿನಂಥ ಅಂಟನ್ನು ತೆಳುವಾಗಿ ಬಳಿದು, ಸಿಲಿಕಾನ್ ಕಾರ್ಬೈಡ್ ಹುಡಿಯನ್ನು ಉಪ್ಪು ಉದುರಿಸಿದ ಹಾಗೆ ಉದುರಿಸುವುದು. ಅಂಟು ಗಟ್ಟಿಯಾದ ಮೇಲೆ ಉಳಿದದ್ದನ್ನು ಕೊಡವಿ, ಮೇಲೆ ಇನ್ನೊಂದು ತೆಳು ಪದರ. ಸಮುದ್ರದ ಹೊಯ್ಗೆ ಹಾಕಬೇಡಿ. ಅದರಲ್ಲಿ ಉಪ್ಪಿದೆ, ಹರಳೂ ಉರುಟು. ಈ ಕ್ರಮ ಸ್ಕ್ರೂ ಬಿಚ್ಚಿ ತೆಗೆಯಬಹುದಾದ ಹಿಡಿಯ ಪಟ್ಟಿಗಳಿಗೆ ಚೆನ್ನಾಗಿ ಒಗ್ಗುತ್ತದೆ. ಗಾಜಿನ ನಾರು ತುಂಬಿದ ನೈಲಾನ್ ಮೈಯ ಮೇಲೆ ಅಂಟು ಅಷ್ಟು ಚೆನ್ನಾಗಿ ಕಚ್ಚುವುದಿಲ್ಲ, ಕೆಲವು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಸರಿ, ಈಗ ಐರನ್. ಮೇಲಿನದೆಲ್ಲ ಮಾಡಿ, ಆರು ತಿಂಗಳು ಬಳಸಿ, ಒರಟು ಯಾವ ಜಾಗಕ್ಕೆ ಬೇಕು ಅಂತ ಖಚಿತವಾದ ಮೇಲೆ ಇದಕ್ಕೆ ಕೈ ಹಾಕಿ. ಟೇಪ್ ಕಿತ್ತರೆ ಹೋಗುತ್ತದೆ, ಸುಟ್ಟದ್ದು ಹೋಗುವುದಿಲ್ಲ. ಮಾರಲು ಹೋದರೆ ಬೆಲೆ ಇಳಿಯುತ್ತದೆ, ವಾರಂಟಿಯೂ ಹೋಗಬಹುದು.

ನಿಮ್ಮದು ಗ್ಯಾಸಿನ ಪಿಸ್ತೂಲು. ಇಂಥವುಗಳಲ್ಲಿ 12 ಗ್ರಾಮಿನ ಕಾರ್ಬನ್ ಡೈ ಆಕ್ಸೈಡ್ ಕಾರ್ಟ್ರಿಜ್ ಕೂರುವುದು ಹಿಡಿಯ ಒಳಗೇ. ನೀವು ಸುಡಲು ಹೊರಟ ಗೋಡೆಯ ಆಚೆ ಬದಿಯಲ್ಲಿ! 20 ಡಿಗ್ರಿ ಬಿಸಿಯಲ್ಲಿ ಅದರೊಳಗಿನ ಒತ್ತಡ ಸುಮಾರು 57 ಬಾರ್, 30 ಡಿಗ್ರಿಗೆ 70 ಬಾರ್ ದಾಟುತ್ತದೆ. ಅದರ ಹತ್ತಿರ ಕಾದ ಐರನ್ ಹಿಡಿಯುವುದೆಂದರೆ ಪಟಾಕಿಯ ಪಕ್ಕ ಬೀಡಿ ಹಚ್ಚಿದ ಹಾಗೆ. ಕಾರ್ಟ್ರಿಜ್ ತೆಗೆಯಿರಿ, ಮ್ಯಾಗಜೀನ್ ತೆಗೆಯಿರಿ, ಅವೆರಡನ್ನೂ ಬೇರೆ ಕೋಣೆಯಲ್ಲಿ ಇಡಿ. ಮೇಲಿನ ಲೋಹದ ಭಾಗ, ಸ್ಪ್ರಿಂಗ್, ರಬ್ಬರ್ ವಾಷರ್ ಬಿಚ್ಚಲು ಬರುವುದಾದರೆ ಅದನ್ನೂ ಬಿಚ್ಚಿ. ಖಾಲಿ ಪಾಲಿಮರ್ ಮೈ ಮಾತ್ರ ಮೇಜಿನ ಮೇಲಿರಲಿ.

ಆಮೇಲೆ ಅದು ಯಾವ ಪ್ಲಾಸ್ಟಿಕ್ ಅಂತ ನೋಡಿ. ಒಳಬದಿಯಲ್ಲಿ ಸಣ್ಣ ಅಕ್ಷರದ ಅಚ್ಚು ಇರಬಹುದು. ಎ.ಬಿ.ಎಸ್. ಅಂತಿದ್ದರೆ ಅದು ಬೇಗ ಮೆತ್ತಗಾಗುತ್ತದೆ, 105 ಡಿಗ್ರಿಯ ಆಸುಪಾಸಿನಲ್ಲೇ. ಪಿ.ಎ. 6 ಅಂತಿದ್ದರೆ ನೈಲಾನ್, ಕರಗಲು ಸುಮಾರು 220 ಡಿಗ್ರಿ ಬೇಕು. ಪಿ.ಎ. 66 ಆದರೆ 260. ಪಕ್ಕದಲ್ಲಿ ಜಿ.ಎಫ್. 30 ಅಂತಿದ್ದರೆ ಅದರಲ್ಲಿ ಶೇಕಡಾ 30ರಷ್ಟು ಗಾಜಿನ ನಾರು ಬೆರೆಸಿದ್ದಾರೆ ಅಂತ ಅರ್ಥ. ಎ.ಬಿ.ಎಸ್. ಸುಟ್ಟರೆ ಬರುವ ಹೊಗೆ ಕೆಟ್ಟದ್ದು, ಅದರಲ್ಲಿ ಸ್ಟೈರೀನ್ ಇರುತ್ತದೆ. ಕಿಟಕಿ ತೆರೆದು, ಫ್ಯಾನ್ ಹೊಗೆಯನ್ನು ಹೊರಗೆ ತಳ್ಳುವ ಹಾಗೆ ಇಟ್ಟು ಕೂರಿ. ಅಡುಗೆಮನೆಯಲ್ಲಿ ಬೇಡ. ಗಾಜಿನ ನಾರಿನದ್ದಾದರೆ ಕೊನೆಗೆ ಉಜ್ಜುವಾಗ ಮಾಸ್ಕ್ ಹಾಕಿ, ಆ ದೂಳು ಗಂಟಲಿಗೂ ಚರ್ಮಕ್ಕೂ ಆಗುವುದಿಲ್ಲ.

ನೈಲಾನ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಉಡುಪಿ ಕಡೆ ವರ್ಷಕ್ಕೆ ಹತ್ತಿರ ಹತ್ತಿರ 4000 ಮಿಲಿಮೀಟರ್ ಮಳೆ. ಜುಲೈಯಲ್ಲಿ ನೈಲಾನ್ ಹಿಡಿ ಒಳಗಿಂದಲೇ ಒದ್ದೆ ಇರುತ್ತದೆ ಅಂದರೂ ನಡೆಯುತ್ತದೆ. ಕಾದ ತುದಿ ತಾಗಿದಾಗ ಆ ತೇವ ಆವಿಯಾಗಿ ಚುಕ್ಕಿಯಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ನನ್ನ ಆ ಭಾನುವಾರದ ಕೆಲಸದಲ್ಲಿ ಗುಳ್ಳೆಗಳೂ ಇದ್ದವು. ಡಿಸೆಂಬರ್, ಜನವರಿಯಲ್ಲಿ ಮಾಡಿ.

25 ವ್ಯಾಟಿನ ಸಾದಾ ಐರನ್ ಬೇಡ. ಅದಕ್ಕೆ ನಿಯಂತ್ರಣ ಇಲ್ಲ, ಕಾಯುತ್ತಾ ಹೋಗುತ್ತದೆ. ಬಿಸಿ ಎಷ್ಟು ಅಂತ ತಿರುಗಿಸಿ ಇಡುವ ಬಗೆಯದ್ದನ್ನು ಯಾರಿಂದಾದರೂ ತನ್ನಿ. ತುದಿ ಹೊಸದಿರಲಿ, ಹಳೆಯದರಲ್ಲಿ ಸೀಸದ ಬೆಸುಗೆ ಅಂಟಿರುತ್ತದೆ. ಅದು ನಿಮ್ಮ ಹಿಡಿಗೆ, ಹಿಡಿಯಿಂದ ಕೈಗೆ, ಕೈಯಿಂದ ಊಟದ ಬಟ್ಟಲಿಗೆ ಬರುವುದು ಬೇಡ. ನಾನು ಎ.ಬಿ.ಎಸ್.ಗೆ 220ರಿಂದ, ನೈಲಾನಿಗೆ 280ರಿಂದ ಶುರು ಮಾಡುತ್ತೇನೆ. ತುದಿ ತಾಗಿಸಿ, ಒಂದು ಎಣಿಸುವಷ್ಟರಲ್ಲಿ ಎತ್ತಬೇಕು. ನೂಲು ಎಳೆದ ಹಾಗೆ ಪ್ಲಾಸ್ಟಿಕ್ ತುದಿಗೆ ಅಂಟಿ ಬಂದರೆ ಬಿಸಿ ಜಾಸ್ತಿ. ಒತ್ತಿದರೂ ಗುರುತು ಬೀಳದಿದ್ದರೆ ಕಡಿಮೆ.

ಮೊದಲ ಚುಕ್ಕಿ ಹಿಡಿಯ ಮೇಲೆ ಬೀಳಬಾರದು. ಅದೇ ಜಾತಿಯ ಪ್ಲಾಸ್ಟಿಕ್‌ನ ಗುಜರಿ ತುಂಡಿನ ಮೇಲೆ ಕನಿಷ್ಠ ಎರಡು ಸಂಜೆ ಹೊಡೆದು ಕೈ ಪಳಗಿಸಿ. ಆಮೇಲೆ ಹಿಡಿಯ ಮೇಲೆ ಪೆನ್ಸಿಲಿನಿಂದ ಎಲ್ಲೆ ಎಳೆದು, ಎಲ್ಲೆಯ ಹೊರಗೆ ಎರಡು ಪದರ ಮಾಸ್ಕಿಂಗ್ ಟೇಪ್ ಹಾಕಿ. ಎಲ್ಲೆಯ ಮೇಲೆ ಮೊದಲು ಒಂದು ಸಾಲು ಚುಕ್ಕಿ, ಆಮೇಲೆ ಒಳಗೆ ತುಂಬುತ್ತಾ ಹೋಗಿ. ಸಾಲು ಸಾಲಾಗಿ ಹೊಡೆದರೆ ಒಂದು ಚುಕ್ಕಿ ಸೊಟ್ಟ ಆದರೂ ಎದ್ದು ಕಾಣುತ್ತದೆ. ಚದುರಿಸಿ ಹೊಡೆಯಿರಿ, ಮಳೆಹನಿ ಬಿದ್ದ ಹಾಗೆ. ತಪ್ಪು ಅದರಲ್ಲೇ ಮುಚ್ಚಿ ಹೋಗುತ್ತದೆ. ಆಳ ಅರ್ಧ ಮಿಲಿಮೀಟರ್ ಸಾಕು. ಒಂದೇ ಜಾಗದಲ್ಲಿ ಬಹಳ ಹೊತ್ತು ಮಾಡಬೇಡಿ, ಬಿಸಿ ಸೇರಿ ಗೋಡೆ ಸೊಟ್ಟಗಾಗಿ ಮ್ಯಾಗಜೀನ್ ಸಿಕ್ಕಿಕೊಳ್ಳುತ್ತದೆ. ಹತ್ತು ನಿಮಿಷ ಇಲ್ಲಿ, ಹತ್ತು ನಿಮಿಷ ಇನ್ನೊಂದು ಬದಿಯಲ್ಲಿ. ನಡುನಡುವೆ ಖಾಲಿ ಮ್ಯಾಗಜೀನ್ ತೂರಿಸಿ ಸಲೀಸಾಗಿ ಜಾರುತ್ತದಾ ಅಂತ ನೋಡಿ. ಪಿನ್ ಕೂರುವ ತೂತು, ಸ್ಕ್ರೂ, ಟ್ರಿಗರ್ ಗಾರ್ಡಿನ ಬುಡ, ನಂಬರ್ ಕೆತ್ತಿದ ಜಾಗ, ಇವುಗಳಿಂದ ದೂರ ಇರಿ.

ಮುಗಿದ ಮೇಲೆ ಚುಕ್ಕಿಗಳ ಸುತ್ತ ಏರಿದ ಅಂಚು ಗರಗಸದ ಹಾಗೆ ಇರುತ್ತದೆ. ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರಿನಿಂದ ಒರೆಸುತ್ತಾ ಬನ್ನಿ. ಐವತ್ತು ಹೊಡೆತ ಹೊಡೆದ ಮೇಲೂ ಅಂಗೈ ಕೆಂಪಾಗಬಾರದು, ಅಲ್ಲಿಗೆ ನಿಲ್ಲಿಸಿ. ತೀರಾ ಒರಟಾದರೆ ಕೈ ತನಗೆ ಗೊತ್ತಿಲ್ಲದೆ ಹಿಡಿತ ಸಡಿಲಿಸುತ್ತದೆ. ನೋವು ತಪ್ಪಿಸಿಕೊಳ್ಳುವುದು ಅದರ ಗುಣ. ಆಗ ಮೊದಲಿಗಿಂತಲೂ ಕೆಟ್ಟದಾಗಿ ಹೊಡೆಯುತ್ತೀರಿ.

ಎಷ್ಟು ಒರಟು ಬೇಕು ಅನ್ನುವುದು ದೊಡ್ಡ ಕಂಪನಿಗಳಿಗೂ ಸುಲಭಕ್ಕೆ ಬಗೆಹರಿದ ವಿಷಯವಲ್ಲ. ಪಾಲಿಮರ್ ಮೈಯ ಪಿಸ್ತೂಲನ್ನು ಜರ್ಮನಿಯ ಹೆಕ್ಲರ್ ಆಂಡ್ ಕಾಖ್ 1970ರಲ್ಲೇ ತಂದಿತ್ತು. ಆದರೆ ಅದನ್ನು ಮನೆಮಾತು ಮಾಡಿದ್ದು ಆಸ್ಟ್ರಿಯಾದ ಗ್ಲಾಕ್ 17, 1982ರಿಂದ ಈಚೆಗೆ. ಅದರ ಮೊದಲ ತಲೆಮಾರಿನ ಹಿಡಿ ಸಣ್ಣ ಹರಳಿನ ಹಾಗಿತ್ತು. ಎರಡನೆಯದಕ್ಕೆ ಚೌಕುಳಿ ಗೀರು ಬಂತು. ಮೂರನೆಯದರ ಕಾಲಕ್ಕೆ ಬೆರಳು ಕೂರುವ ತಗ್ಗು ಸೇರಿತು. ನಡುವೆ ಒಮ್ಮೆ ಮುಳ್ಳು ಮುಳ್ಳಾದ ಹಿಡಿ ತಂದು, ಆಮೇಲೆ ಅದನ್ನು ಕೈಬಿಟ್ಟರು. 2017ರ ಐದನೇ ತಲೆಮಾರಿಗೆ ಬೆರಳಿನ ತಗ್ಗನ್ನೂ ತೆಗೆದುಹಾಕಿದರು, ಎಲ್ಲರ ಬೆರಳೂ ಒಂದೇ ಅಳತೆ ಇಲ್ಲವಲ್ಲ. ಅಂಥವರೇ ಇಷ್ಟು ಸಲ ಹಿಂದೆ ಮುಂದೆ ಆಗಿದ್ದಾರೆ. ಮೊದಲ ಸಲವೇ ನಿಮಗೆ ಸರಿಯಾಗದಿದ್ದರೆ ಬೇಜಾರು ಬೇಡ. ಅದಕ್ಕೇ ಕಿತ್ತು ತೆಗೆಯಬಹುದಾದ ಟೇಪಿನಿಂದ ಶುರು ಮಾಡಿ ಅಂದದ್ದು.

ಭಾವನ ಪಿಸ್ತೂಲಿಗೆ ಬರುತ್ತೇನೆ. ನಿಮ್ಮದಕ್ಕೂ ಅವರದಕ್ಕೂ ಕಾನೂನಿನ ಕಣ್ಣಲ್ಲಿ ತುಂಬಾ ವ್ಯತ್ಯಾಸ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿಲಿಮೀಟರ್ ಮೀರದ, 20 ಜೂಲ್ ಒಳಗಿನ ಶಕ್ತಿಯ ಏರ್ ಗನ್ನಿಗೆ ಲೈಸೆನ್ಸ್ ಬೇಡ. ಪಾಯಿಂಟ್ 32 ಹಾಗಲ್ಲ, ಅದು ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕನ್ನು ರಿಪೇರಿ ಮಾಡಲು, ಮಾರ್ಪಡಿಸಲು ಅದಕ್ಕೇ ಬೇರೆ ಲೈಸೆನ್ಸ್ ಬೇಕು. ಇಟ್ಟುಕೊಳ್ಳುವ ಲೈಸೆನ್ಸ್ ಸಾಲದು. ಅದೂ ಭಾವನ ಹೆಸರಿನಲ್ಲಿದೆ, ನಿಮ್ಮ ಹೆಸರಿನಲ್ಲಿಲ್ಲ. ನಿಮ್ಮ ಮನೆಯ ಮೇಜಿನ ಮೇಲೆ ಅದು ಎರಡು ದಿನ ಬಿಚ್ಚಿಕೊಂಡು ಬಿದ್ದಿದ್ದರೆ, ಯಾರಾದರೂ ಕೇಳಿದಾಗ ಏನು ಹೇಳುತ್ತೀರಿ? 8ನೇ ಸೆಕ್ಷನ್ ಇನ್ನೂ ಕಟ್ಟುನಿಟ್ಟು. ಬಂದೂಕಿನ ಮೇಲಿನ ನಂಬರ್, ಗುರುತು ಅಳಿಸುವುದು, ತಿದ್ದುವುದು ಅಪರಾಧ. ಚುನಾವಣೆ ಬಂದರೆ ನಮ್ಮ ಜಿಲ್ಲೆಗಳಲ್ಲಿ ಕೋವಿ, ಪಿಸ್ತೂಲು ಸಾಮಾನ್ಯವಾಗಿ ಠಾಣೆಯಲ್ಲಿ ಒಪ್ಪಿಸಬೇಕಾಗುತ್ತದೆ, ಬೆಳೆ ರಕ್ಷಣೆಯ ಕೋವಿ ಇರುವ ಕೃಷಿಕರಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿ ನಂಬರ್ ನೋಡುವಾಗ ಒಂದು ಅಂಕಿಯ ಮೇಲೆ ಸುಟ್ಟ ಚುಕ್ಕಿ ಕಂಡರೆ ನಿಮ್ಮ ಭಾವ ನಿಮ್ಮನ್ನು ಜನ್ಮವಿಡೀ ನೆನೆಸಿಕೊಳ್ಳುತ್ತಾರೆ.

ಅವರಿಗೆ ಟ್ಯೂಬೋ ರಬ್ಬರ್ ಪಟ್ಟಿಯೋ ಸಾಕು, ಅದನ್ನೂ ಅವರೇ ಹಾಕಿಕೊಳ್ಳಲಿ. ಅದು ಪಿಸ್ತೂಲಿಗೆ ಅಂಗಿ ತೊಡಿಸಿದ ಹಾಗೆ, ಬಿಚ್ಚಿದರೆ ಹೋಯಿತು. ಹಾಕುವ ಮೊದಲು ಮ್ಯಾಗಜೀನ್ ತೆಗೆದು, ಚೇಂಬರಿನಲ್ಲಿ (ನಳಿಗೆಯ ಹಿಂದೆ ಗುಂಡು ಕೂರುವ ಜಾಗ) ಗುಂಡಿಲ್ಲ ಅಂತ ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಲಿ. ಅದಕ್ಕಿಂತ ಜಾಸ್ತಿ ಏನಾದರೂ ಬೇಕಿದ್ದರೆ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಗೆ ಕೊಡಲಿ.

ನೀವು ಕೇಳಿಲ್ಲ, ಆದರೂ ಎರಡು ಮಾತು. ಹಿತ್ತಲಲ್ಲಿ ಹೊಡೆಯುತ್ತೇನೆ ಅಂದಿರಿ. ಗುರಿಯ ಹಿಂದೆ ಮುರಕಲ್ಲಿನ ಗೋಡೆ ಇದ್ದರೆ ಅದನ್ನೇ ನಂಬಬೇಡಿ. ನಿಮ್ಮದು ಉಕ್ಕಿನ ಗೋಲಿ ಹಾಕುವಂಥದ್ದಾದರೆ ಗೋಲಿ ಗಟ್ಟಿ ಜಾಗಕ್ಕೆ ಬಡಿದು ವಾಪಸ್ ಬರುತ್ತದೆ, ನೇರ ಮುಖಕ್ಕೆ. ಹಳೆಯ ಗೋಣಿ, ದಪ್ಪ ಬಟ್ಟೆ ಸಡಿಲವಾಗಿ ತೂಗಿಸಿ, ಕನ್ನಡಕ ಹಾಕಿ. ಮತ್ತೆ, ನಿಮ್ಮ ಪಿಸ್ತೂಲು ದೂರದಿಂದ ನೋಡುವವರಿಗೆ ಅಸಲಿಯೇ. ಪೆಟ್ಟಿಗೆಯಲ್ಲಿ ಹಾಕದೆ ಸ್ಕೂಟರಿನ ಮುಂದಿಟ್ಟುಕೊಂಡು ಹೋಗಬೇಡಿ. ಬಿಲ್ಲಿನ ಪ್ರತಿ ಪೆಟ್ಟಿಗೆಯಲ್ಲೇ ಇರಲಿ.

ಮುಂದೆ ಸ್ಪರ್ಧೆಗೆ ಹೋಗುವ ಆಸೆ ಇದ್ದರೆ ಈ ಪಿಸ್ತೂಲಿನ ಹಿಡಿಗೆ ಇಷ್ಟು ಕಷ್ಟಪಡುವುದು ಬೇಡ. 10 ಮೀಟರ್ ಪಂದ್ಯದಲ್ಲಿ ಒಂದೇ ಕೈಯಲ್ಲಿ 60 ಹೊಡೆತ, ಒಂದೂಕಾಲು ಗಂಟೆಯಲ್ಲಿ. ಗುರಿಯ ನಡುವಿನ ಹತ್ತು ಅಂಕದ ವೃತ್ತದ ಅಡ್ಡಳತೆ ಬರೇ 11.5 ಮಿಲಿಮೀಟರ್. ಪಿಸ್ತೂಲಿನ ತೂಕ 1500 ಗ್ರಾಮ್ ಮೀರಬಾರದು, ಟ್ರಿಗರ್ ಎಳೆಯಲು ಕನಿಷ್ಠ 500 ಗ್ರಾಮಿನಷ್ಟು ಬಲ ಬೇಕು, ಹಿಡಿಯ ಸಮೇತ 420, 200, 50 ಮಿಲಿಮೀಟರ್ ಅಳತೆಯ ಪೆಟ್ಟಿಗೆಯೊಳಗೆ ಕೂರಬೇಕು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರಲ್ಲಿ ಮನು ಭಾಕರ್ ಕಂಚು ಗೆದ್ದದ್ದು ಈ ಪಂದ್ಯದಲ್ಲೇ. ಅದಕ್ಕೆ ಬೇಕಾದ ಪಿಸ್ತೂಲೇ ಬೇರೆ. ಕ್ಲಬ್ಬಿನಲ್ಲಿ ಯಾರದ್ದಾದರೂ ಒಮ್ಮೆ ಹಿಡಿದು ನೋಡಿ, ಹಿಡಿ ಅಂದರೆ ಏನು ಅಂತ ಕೈಗೆ ಗೊತ್ತಾಗುತ್ತದೆ.

ಯಾವ ಬಗೆಯ ಒರಟು ಮಾಡಿದರೂ ಅದರ ಸಂದಿಯಲ್ಲಿ ಬೆವರು, ಕೊಳೆ ಕೂರುತ್ತದೆ. ವಾರಕ್ಕೊಮ್ಮೆ ಹಳೆಯ ಟೂತ್‌ಬ್ರಷ್ ಮತ್ತು ಸೋಪಿನ ನೀರು. ಹಿಡಿಯ ಬೆವರು ಮೇಲಿನ ಲೋಹಕ್ಕೂ ಹೋಗಿ ತುಕ್ಕು ಹಿಡಿಸುತ್ತದೆ, ಅದಕ್ಕೆ ಒಂದು ಹನಿ ಎಣ್ಣೆಯ ಬಟ್ಟೆ ಎಳೆಯಿರಿ. ಎಣ್ಣೆ ಮುಟ್ಟಿದ ಕೈಯಲ್ಲೇ ಹಿಡಿಯನ್ನು ಹಿಡಿಯಬೇಡಿ ಮತ್ತೆ! ಮಳೆಗಾಲದಲ್ಲಿ ಸ್ಪಂಜು ಹಾಸಿದ ಪೆಟ್ಟಿಗೆಯಲ್ಲಿ ಮುಚ್ಚಿಡಬೇಡಿ, ಸ್ಪಂಜು ತೇವ ಹಿಡಿದಿಡುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬಿ ಒಳ್ಳೆಯದು.

ಈ ವಾರ ಸೋಪು, ಪೌಡರ್, ಟ್ಯೂಬ್ ಇಷ್ಟು ಮಾಡಿ ನೋಡಿ. ಟ್ಯೂಬ್ ಹೊಸದು ತಗೊಳ್ಳಬೇಡಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ತೂತಾದದ್ದನ್ನು ಸುಮ್ನೆ ಕೊಡುತ್ತಾರೆ, ತೂತು ಇಲ್ಲದ ಕಡೆಯಿಂದ ಕತ್ತರಿಸಿಕೊಂಡರೆ ಆಯಿತು.